ಅದು ನನ್ನ ತಮ್ಮನ ವಿಷಯ

ಬುಧವಾರ ನೈಟ್ ಡ್ಯೂಟಿ ಮುಗಿಸಿ ಆಸ್ಪತ್ರೆಯಿಂದ ಹೊರಬಂದಾಗ ಬೆಳಗ್ಗೆ ಎಂಟು ದಾಟಿತ್ತು. ಗಾಳಿಯಲ್ಲಿ ಇನ್ನೂ ಪಟಾಕಿ ವಾಸನೆ. ಹಿಂದಿನ ದಿನ 2024ರ ನವೆಂಬರ್ 5, ಇಲ್ಲಿ ಇಂಗ್ಲೆಂಡಿನವರು ಸೌದೆ ಒಟ್ಟಿ ಬೆಂಕಿ ಹಾಕಿ ಬಾಣಬಿರುಸು ಹಾರಿಸುವ ರಾತ್ರಿ. ಅಮೆರಿಕದವರು ಅಧ್ಯಕ್ಷರ ಚುನಾವಣೆಗೆ ವೋಟು ಹಾಕಿದ್ದೂ ಅವತ್ತೇ. ವಾರ್ಡಿನಲ್ಲಿ ನಿದ್ದೆ ಹತ್ತದ ಒಬ್ಬ ಅಜ್ಜ ಫೋನು ಹಿಡಿದುಕೊಂಡೇ ರಾತ್ರಿ ಕಳೆದಿದ್ದರು. ಬಿಪಿ ನೋಡಲು ಹೋದಾಗಲೆಲ್ಲ “ನಾರ್ತ್ ಕೆರೊಲಿನಾ ಟ್ರಂಪ್‌ಗೆ ಹೋಯ್ತು”, “ಜಾರ್ಜಿಯಾನೂ ಹೋಯ್ತು” ಎಂದು ಹೇಳುತ್ತಿದ್ದರು.

ಮನೆಗೆ ಹೋಗುವ ಮೊದಲು ನಾನು ಯಾವಾಗಲೂ ಒಂದು ಕೆಫೆಗೆ ಹೋಗುತ್ತೇನೆ. ಮ್ಯಾಂಚೆಸ್ಟರ್ ಪಕ್ಕದ ಈ ಬೆರಿ ಪಟ್ಟಣದಲ್ಲಿ ಬುಧವಾರ ಸಂತೆ ದಿನ, ಹಾಗಾಗಿ ಬೆಳಗ್ಗೆಯೇ ಜನ ಇರುತ್ತಾರೆ. ಕೆಫೆಯ ಯಜಮಾನಿ “ಏನು ಲವ್, ಅದೇನಾ?” ಎಂದಳು. ಇಲ್ಲಿ ಬಸ್ ಡ್ರೈವರ್‌ನಿಂದ ಹಿಡಿದು ತರಕಾರಿ ಮಾರುವವರವರೆಗೆ ಎಲ್ಲರೂ ಹಾಗೇ ಕರೆಯುತ್ತಾರೆ. ನಮ್ಮ ಕಡೆ ‘ಅವ್ವಾ’ ಅಂದ ಹಾಗೆ, ಬಾಯಿಗೆ ತಾನಾಗಿ ಬರುವ ಮಾತು. ಅದೇ ಎಂದೆ. ಅದೇ ಎಂದರೆ ಎರಡು ಮೊಟ್ಟೆ, ಒಂದು ಸಾಸೇಜು, ಬೇಯಿಸಿದ ಬೀನ್ಸು, ಸುಟ್ಟ ಟೊಮೆಟೊ, ಅಣಬೆ, ಟೋಸ್ಟು, ಬೇಕನ್ ಬದಲು ಇನ್ನೊಂದು ತುಂಡು ಬ್ಲ್ಯಾಕ್ ಪುಡಿಂಗ್.

ಬೆರಿ ಹೆಸರುವಾಸಿಯಾಗಿರುವುದೇ ಬ್ಲ್ಯಾಕ್ ಪುಡಿಂಗಿಗೆ. ಹಂದಿಯ ರಕ್ತಕ್ಕೆ ಕೊಬ್ಬು, ಓಟ್ಸ್ ಅಥವಾ ಬಾರ್ಲಿ ಸೇರಿಸಿ ಕರುಳಿನ ಚೀಲದಲ್ಲಿ ತುಂಬಿ ಬೇಯಿಸುತ್ತಾರೆ. ಸಂತೆಯಲ್ಲಿ ಬಿಸಿಬಿಸಿಯಾಗಿ ಸಾಸಿವೆ ಹಚ್ಚಿ ನಿಂತೇ ತಿನ್ನುವವರಿದ್ದಾರೆ. ಕೆಫೆಯಲ್ಲಾದರೆ ಬಿಲ್ಲೆ ಬಿಲ್ಲೆ ಕೊಯ್ದು ಕಾವಲಿ ಮೇಲೆ ಸುಡುತ್ತಾರೆ. ಅಂಚು ಗರಿ, ಒಳಗೆ ಮೆತ್ತಗೆ, ಕಪ್ಪಿನ ನಡುವೆ ಬಿಳಿ ಕೊಬ್ಬಿನ ಚುಕ್ಕೆ. ಜೊತೆಗೆ ಕೆಲಸ ಮಾಡುವ ನಮ್ಮ ದೇಶದ ಹುಡುಗಿಯರು ಇದನ್ನು ಕಂಡರೆ ಮುಖ ಸಿಂಡರಿಸುತ್ತಾರೆ. ನನಗೆ ಮೊದಲ ತುತ್ತಿಗೇ ಊರು ನೆನಪಾಗಿತ್ತು. ಮಾರಿಹಬ್ಬದಲ್ಲಿ ಕುರಿ ಕುಯ್ಯುವಾಗ ಅಗಲವಾದ ಪಾತ್ರೆ ಹಿಡಿದು ನಿಲ್ಲುವುದು ಅಣ್ಣನ ಕೆಲಸ. ಅವ್ವ ಆ ರಕ್ತವನ್ನು ಬೇಯಿಸಿ, ಪುಡಿ ಮಾಡಿ, ಈರುಳ್ಳಿ, ಹಸಿಮೆಣಸಿನಕಾಯಿ, ಕಾಯಿತುರಿ ಹಾಕಿ ಹುರಿದರೆ ಬಾಡಿನ ಎಸರು ಕುದಿಯುವುದರೊಳಗೆ ನಾವಿಬ್ಬರೂ ಬಾಣಲಿ ಖಾಲಿ ಮಾಡಿರುತ್ತಿದ್ದೆವು.

ಗೋಡೆ ಮೇಲಿನ ಟಿವಿಯಲ್ಲಿ ಫ್ಲಾರಿಡಾದಲ್ಲಿ ಟ್ರಂಪ್ ಮಾಡಿದ ಭಾಷಣ ಮತ್ತೆ ಮತ್ತೆ ತೋರಿಸುತ್ತಿದ್ದರು. ಪೆನ್ಸಿಲ್ವೇನಿಯಾ ಆಗಲೇ ಟ್ರಂಪ್ ಕಡೆ ಹೋಗಿ ನಕ್ಷೆಯಲ್ಲಿ ಕೆಂಪಾಗಿತ್ತು. ವಿಸ್ಕಾನ್ಸಿನ್ ರಾಜ್ಯದ ಫಲಿತಾಂಶ ಇನ್ನೂ ಘೋಷಣೆಯಾಗಿರಲಿಲ್ಲ.

ಮೂಲೆ ಟೇಬಲ್ಲಿನಲ್ಲಿ ಎಂದಿನಂತೆ ಇಬ್ಬರು. ಒಬ್ಬರು ನಲವತ್ತು ವರ್ಷ ಲಾರಿ ಓಡಿಸಿ ನಿವೃತ್ತರಾದವರು, ಕೋಟಿನ ಮೇಲೆ ಕೆಂಪು ಪಾಪಿ ಹೂವು, ಯುದ್ಧದಲ್ಲಿ ಸತ್ತವರ ನೆನಪಿಗೆ ಇಲ್ಲಿನವರು ಚುಚ್ಚಿಕೊಳ್ಳುವಂಥದ್ದು. ಇನ್ನೊಬ್ಬರು ಎಪ್ಪತ್ತು ದಾಟಿದ ಹೆಂಗಸು, ಹುಟ್ಟೂರು ವಿಸ್ಕಾನ್ಸಿನ್, ಹಾಲಿನ ಹಸು ಸಾಕುವ ಮನೆತನ. ಬೆರಿಯ ಹುಡುಗನನ್ನು ಮದುವೆಯಾಗಿ ಬಂದವರು, ಈಗ ಒಬ್ಬರೇ. ಖಾಲಿ ಕುರ್ಚಿ ಅಲ್ಲೊಂದೇ ಇತ್ತು, ಹೋಗಿ ಕೂತೆ.

ಲಾರಿ ಅಜ್ಜ ಒಳ್ಳೆಯ ಮನುಷ್ಯ. ನನ್ನ ಕಾರಿನ ಟೈರು ಪಂಕ್ಚರ್ ಆದಾಗ ಮಳೆಯಲ್ಲಿ ಕೂತು ಬದಲಿಸಿಕೊಟ್ಟಿದ್ದಾರೆ. ಆದರೆ ರಾಜಕೀಯ ಬಂದರೆ ದನಿ ಏರುತ್ತದೆ, ಎದುರಿಗೆ ಕೂತವರು ಕಾಣುವುದಿಲ್ಲ. ಅವತ್ತು ಶುರುವಾಗಿದ್ದು ತಟ್ಟೆಯಿಂದಲೇ. ವಿಸ್ಕಾನ್ಸಿನ್ನಿನ ಅಮ್ಮನ ತಟ್ಟೆಯಲ್ಲಿದ್ದ ಹ್ಯಾಶ್ ಬ್ರೌನ್, ಅಂದರೆ ಆಲೂಗಡ್ಡೆ ತುರಿದು ಕರಿದ ಬಿಲ್ಲೆ, ತೋರಿಸಿ, ಇದು ಅಮೆರಿಕದ ಸರಕು, ಇಂಗ್ಲಿಷ್ ತಿಂಡಿಯ ತಟ್ಟೆಯಲ್ಲಿ ಇದಕ್ಕೆ ಜಾಗವಿಲ್ಲ ಎಂದರು. ಇದು ಇಲ್ಲಿ ನಿಜವಾಗಿಯೂ ಜಗಳದ ವಿಷಯ. ಆಲೂಗಡ್ಡೆ ಬೇಕಾದರೆ ಹಿಂದಿನ ದಿನ ಉಳಿದ ಆಲೂಗಡ್ಡೆ, ಕೋಸು ಸೇರಿಸಿ ಹುರಿದ ಬಬಲ್ ಅಂಡ್ ಸ್ಕ್ವೀಕ್ ಇಡಿ ಎನ್ನುವ ಸಂಪ್ರದಾಯದವರಿದ್ದಾರೆ. ಅಮ್ಮ ನಗುತ್ತಲೇ ಅವರ ತಟ್ಟೆಯ ಬೀನ್ಸಿಗೆ ಫೋರ್ಕ್ ತೋರಿಸಿದರು. “ಇದು? ಇದು ಪಿಟ್ಸ್‌ಬರ್ಗ್‌ನಿಂದ ಬಂದದ್ದು. ಟಿವಿ ನೋಡು, ಅದೋ ಕೆಂಪಾಗಿದೆಯಲ್ಲ, ಅದೇ ಪೆನ್ಸಿಲ್ವೇನಿಯಾ.” ಅದೂ ನಿಜ. ಪಿಟ್ಸ್‌ಬರ್ಗ್‌ನ ಹೈನ್ಜ್ ಕಂಪನಿಯ ಬೀನ್ಸನ್ನು ಲಂಡನ್ನಿನ ಫೋರ್ಟ್ನಮ್ ಅಂಡ್ ಮೇಸನ್ ಅಂಗಡಿ 1886ರಲ್ಲಿ ಮೊದಲು ಮಾರಿದಾಗ ಅದು ಹಡಗಿನಲ್ಲಿ ಬಂದ ವಿದೇಶಿ ಪದಾರ್ಥ. ಇವತ್ತು ವಿಗನ್ ಪಕ್ಕದ ಫ್ಯಾಕ್ಟರಿಯಲ್ಲಿ ಡಬ್ಬಿ ತುಂಬುತ್ತಾರೆ, ಬೀನ್ಸ್ ಕಾಳು ಮಾತ್ರ ಈಗಲೂ ಹೆಚ್ಚಾಗಿ ಉತ್ತರ ಅಮೆರಿಕದ್ದೇ. ಟೇಬಲ್ ಮೇಲೆ ಪಾರ್ಲಿಮೆಂಟಿನ ಚಿತ್ರ ಹೊತ್ತು ನಿಂತ ಎಚ್‌ಪಿ ಸಾಸ್ ಕೂಡ ಈಗ ಅದೇ ಕಂಪನಿಯದು, 2007ರಿಂದ ತಯಾರಾಗುವುದು ನೆದರ್ಲೆಂಡ್ಸ್‌ನಲ್ಲಿ. ಕಡುಗಪ್ಪು ಚಹಾ ಬೆಳೆಯುವುದು ಅಸ್ಸಾಂ, ಕೀನ್ಯಾದಲ್ಲಿ. ತಟ್ಟೆಯಲ್ಲಿ ಯಾವುದು ಎಲ್ಲಿಯದು ಎಂದು ಬೇರೆ ಮಾಡುತ್ತಾ ಹೋದರೆ ಊಟಕ್ಕೆ ಏನೂ ಉಳಿಯುವುದಿಲ್ಲ.

ಅಲ್ಲಿಯವರೆಗೆ ಎಲ್ಲ ಹಗುರಾಗಿತ್ತು. ಆಮೇಲೆ ಅಜ್ಜ ಟಿವಿ ಕಡೆ ತಿರುಗಿ, ಉಕ್ರೇನ್ ಕತೆ ಏನು, ಹೊರಗಿನ ಸರಕಿಗೆಲ್ಲ ಸುಂಕ ಹಾಕುತ್ತೇನೆ ಅಂತಾನಲ್ಲ ನಮ್ಮ ಗತಿ ಏನು ಎಂದು ಶುರು ಮಾಡಿದರು. ಆ ಆತಂಕದಲ್ಲಿ ತಪ್ಪಿಲ್ಲ. ಆದರೆ ಮಾತು ಅಲ್ಲಿಗೆ ನಿಲ್ಲಲಿಲ್ಲ. “ಎಂಥಾ ದಡ್ಡ ಜನ ಇವನಿಗೆ ವೋಟು ಹಾಕಿದ್ದಾರೆ? ಅವರಿಗೆ ತಲೆ ಇಲ್ಲ, ಮನುಷ್ಯತ್ವ ಇಲ್ಲ.”

ಅಮ್ಮ ಫೋರ್ಕ್ ಕೆಳಗಿಟ್ಟರು. ದನಿ ಏರಿಸಲಿಲ್ಲ.

“ನೀನು ಮಾತಾಡ್ತಿರೋದು ನನ್ನ ತಮ್ಮನ ವಿಷಯ.”

ಕೆಫೆಯ ಯಜಮಾನಿ ರಿಮೋಟ್ ತೆಗೆದು ಟಿವಿ ದನಿ ಕಡಿಮೆ ಮಾಡಿದಳು. ಅವಳ ಆ ಸೂಕ್ಷ್ಮ ನನಗೆ ತುಂಬಾ ಹಿಡಿಸಿತು.

ಅಮ್ಮ ಆಮೇಲೆ ನಿಧಾನವಾಗಿ ಹೇಳಿದರು. ತಾನು ಅಂಚೆಯಲ್ಲಿ ವೋಟು ಕಳಿಸಿದ್ದು ಕಮಲಾ ಹ್ಯಾರಿಸ್‌ಗೆ. ತಮ್ಮ ಹಾಕಿದ್ದು ಟ್ರಂಪ್‌ಗೆ. ಹಸುಗಳನ್ನು ಮಾರಿದ ವರ್ಷ ಕೊಟ್ಟಿಗೆಯಲ್ಲಿ ಕೂತು ಫೋನಿನಲ್ಲಿ ಅತ್ತವನು ಅವನು. ಗಂಡ ಸತ್ತಾಗ ಎರಡು ವಿಮಾನ ಬದಲಿಸಿ ಬಂದು ಒಂದು ತಿಂಗಳು ಇವರಿಗೆ ಅಡುಗೆ ಮಾಡಿ ಹಾಕಿದವನೂ ಅವನೇ. “ಅವನು ಮಾಡಿದ್ದು ತಪ್ಪು ಅಂತ ಭಾನುವಾರ ಅವನಿಗೇ ಹೇಳ್ತೀನಿ. ಪ್ರತಿ ಭಾನುವಾರ ಹೇಳ್ತೀನಿ. ಆದ್ರೆ ತಲೆ ಇಲ್ಲ, ಮನುಷ್ಯತ್ವ ಇಲ್ಲ ಅಂತ ನನ್ನೆದುರಿಗೆ ಅನ್ಬೇಡ.” ಅಜ್ಜ ಮುಖ ಕೆಂಪಗೆ ಮಾಡಿಕೊಂಡು ಟೋಸ್ಟಿಗೆ ಬೆಣ್ಣೆ ಸವರುತ್ತಾ ಕೂತರು. ಸ್ವಲ್ಪ ಹೊತ್ತಿಗೆ ಟೀಪಾಟ್ ಎತ್ತಿ ಅಮ್ಮನ ಮಗ್ಗಿಗೆ ಬಗ್ಗಿಸಿದರು. ಕ್ಷಮೆ ಕೇಳಿದ್ದು ಅಷ್ಟೇ. ಆಯಮ್ಮನಿಗೂ ಅಷ್ಟು ಸಾಕಾಯಿತು ಅನಿಸಿತು.

ನನಗೆ ಮಾತ್ರ ತುತ್ತು ಇಳಿಯಲಿಲ್ಲ.

ಅದೇ ವರ್ಷ ಏಪ್ರಿಲ್ 26ಕ್ಕೆ ತುಮಕೂರಲ್ಲಿ ಲೋಕಸಭೆ ಚುನಾವಣೆ ಇತ್ತು. ತಿಪಟೂರಿನ ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಅಣ್ಣ ಏನೋ ಹಾಕಿದ, ನಾನು ಉತ್ತರ ಕೊಟ್ಟೆ, ಮಾತಿಗೆ ಮಾತು ಬೆಳೆಯಿತು. ಕೊನೆಗೆ ಅವನು ಬರೆದ: “ಇಲ್ಲಿ ಬಂದು ಒಂದು ವೋಟು ಹಾಕದೋಳು ನಮಗೆ ಬುದ್ಧಿ ಹೇಳ್ಬೇಡ.” ಆ ಮಾತು ಚುಚ್ಚಿದ್ದು ಅದರಲ್ಲಿ ನಿಜ ಇದ್ದದ್ದಕ್ಕೆ. ಹೊರದೇಶದಲ್ಲಿರುವ ಭಾರತೀಯರು ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಬಹುದು, ಆದರೆ ವೋಟು ಹಾಕಲು ಊರಿನ ಮತಗಟ್ಟೆಗೇ ಖುದ್ದಾಗಿ ಹೋಗಬೇಕು. ವಿಸ್ಕಾನ್ಸಿನ್ ಬಿಟ್ಟು ಇಷ್ಟು ದಶಕವಾದರೂ ಆಯಮ್ಮ ಒಂದು ಲಕೋಟೆ ಅಂಚೆಗೆ ಹಾಕಿದರೆ ಮುಗಿಯಿತು. ನಾನು ರಜೆ, ಟಿಕೆಟ್ಟು ಹೊಂದಿಸಿಕೊಂಡು ತಿಪಟೂರಿನ ಸರ್ಕಾರಿ ಶಾಲೆ ಮುಂದೆ ಸಾಲಿನಲ್ಲಿ ನಿಲ್ಲಬೇಕು. ಅದೇ ನಾನು ಭಾರತದ ಪಾಸ್‌ಪೋರ್ಟು ಇಟ್ಟುಕೊಂಡೇ ಕಾಮನ್‌ವೆಲ್ತ್ ಪ್ರಜೆ ಎಂಬ ಲೆಕ್ಕದಲ್ಲಿ ಜುಲೈ 4ಕ್ಕೆ ಇಲ್ಲಿನ ಪಾರ್ಲಿಮೆಂಟ್ ಚುನಾವಣೆಗೆ ಬೆರಿಯಲ್ಲಿ ವೋಟು ಹಾಕಿದೆ. 2019ರಲ್ಲಿ ಬೆರಿ ನಾರ್ತ್ ಸೀಟು ತೀರ್ಮಾನವಾಗಿದ್ದು ಬರೀ 105 ವೋಟಿನಲ್ಲಿ. ಇಲ್ಲಿ ನನ್ನ ವೋಟಿಗೆ ಅಷ್ಟು ತೂಕ, ಹುಟ್ಟಿದೂರಲ್ಲಿ ಅದು ಲೆಕ್ಕಕ್ಕೇ ಇಲ್ಲ. ಆ ನೋವು ಅಣ್ಣನಿಗೆ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ. ಬದಲಿಗೆ “ನಿಮ್ಮಂಥೋರಿಂದಲೇ ದೇಶ ಹಾಳಾಗಿದ್ದು” ಎಂದು ಬರೆದು ಗುಂಪಿನಿಂದ ಹೊರಬಂದೆ. ಆರು ತಿಂಗಳಾಯಿತು.

‘ನಿಮ್ಮಂಥೋರು.’ ಲಾರಿ ಅಜ್ಜ ಕಂಡು ಕೇಳರಿಯದ ಜನರನ್ನು ಬೈದರು. ನಾನು ಬೈದದ್ದು ನನ್ನನ್ನು ಸೈಕಲ್ ಹಿಂದೆ ಕೂರಿಸಿಕೊಂಡು ಕಾಲೇಜಿಗೆ ಬಿಟ್ಟವನನ್ನು, ನರ್ಸಿಂಗ್ ಫೀಸಿಗೆ ಎರಡು ವರ್ಷದ ಕೊಬ್ಬರಿ ದುಡ್ಡು ತೆಗೆದುಕೊಟ್ಟವನನ್ನು. ಅಭಿಪ್ರಾಯ ನನ್ನದು ಇವತ್ತಿಗೂ ಬದಲಾಗಿಲ್ಲ, ಅವನು ಅವತ್ತು ಹಾಕಿದ್ದು ಸುಳ್ಳು ಸುದ್ದಿಯೇ. ಆದರೆ ಆಯಮ್ಮ ಪ್ರತಿ ಭಾನುವಾರ ಫೋನು ಮಾಡಿ ತಪ್ಪು ಎಂದು ಹೇಳುತ್ತಾರೆ. ನಾನು ಫೋನು ಮಾಡುವುದನ್ನೇ ಬಿಟ್ಟೆ. ತಪ್ಪನ್ನು ತಪ್ಪು ಎನ್ನುವುದಕ್ಕಾದರೂ ಮಾತು ಇರಬೇಕಲ್ಲ.

ಮನೆಗೆ ಬಂದು ಮಲಗಿದರೆ ನಿದ್ದೆಗಣ್ಣಿನಲ್ಲೂ ಆ ಫೋರ್ಕ್ ಕೆಳಗಿಟ್ಟ ಸದ್ದು, ಆ ಒಂದೇ ಮಾತು. ಮಧ್ಯಾಹ್ನ ಮೂರಕ್ಕೆ ಎದ್ದು ಫೋನು ನೋಡಿದೆ. ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೆ ಇಷ್ಟಿಷ್ಟು ಎಲೆಕ್ಟೋರಲ್ ವೋಟು; ಟ್ರಂಪ್ ಅವರನ್ನು ಗೆಲುವಿಗೆ ಬೇಕಾದ 270 ದಾಟಿಸಿದ್ದು ವಿಸ್ಕಾನ್ಸಿನ್ನಿನ ಹತ್ತು. ಅಲ್ಲಿ ಜನರು ಹಾಕಿದ ವೋಟಿನ ಅಂತರ ಮೂವತ್ತು ಸಾವಿರದೊಳಗೆ. ಹಿಂದಿನ ಎರಡು ಚುನಾವಣೆಯಲ್ಲೂ ಆ ರಾಜ್ಯದಲ್ಲಿ ಅಂತರ ಅಷ್ಟರೊಳಗೇ ಇತ್ತು. ಅಲ್ಲಿ ಎಷ್ಟು ಮನೆಗಳಲ್ಲಿ ಅಕ್ಕ ಒಂದು ಕಡೆ, ತಮ್ಮ ಒಂದು ಕಡೆ ಇದ್ದಾರೋ.

ಊರಲ್ಲಿ ಆಗ ರಾತ್ರಿ ಎಂಟೂವರೆ. ಅಣ್ಣನ ನಂಬರ್ ಒತ್ತಿದೆ. ಎತ್ತಿದ್ದು ಅತ್ತಿಗೆ. “ಏನಮ್ಮಾ, ಈಗ ನೆನಪಾಯ್ತಾ?” ಅಂದರು. ಅವರಿಗೆ ಕೋಪ ಇರುವುದು ಸಹಜ. ಆರು ತಿಂಗಳು ಇಬ್ಬರ ನಡುವೆ ನಲುಗಿದವರು ಅವರೇ. ಫೋನು ಕೈ ಬದಲಾಯಿತು. ಆ ಕಡೆಯಿಂದ ಗಂಟಲು ಸರಿಮಾಡಿಕೊಂಡ ಸದ್ದು.

“ಊಟ ಆಯ್ತಾ ಅಣ್ಣಾ?”

“ಈಗ ಕೂತಿದ್ದೀನಿ. ನೀನೇನ್ ತಿಂದೆ?”

ಚುನಾವಣೆ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಭಾನುವಾರ ಎತ್ತಬೇಕು, ನನ್ನ ವೋಟಿನ ವಿಷಯವನ್ನೂ ಹೇಳಬೇಕು. ಅವತ್ತು ಬ್ಲ್ಯಾಕ್ ಪುಡಿಂಗಿನ ಕತೆ ಹೇಳಿದೆ.

“ಅಂಗಾದ್ರೆ ಅವರೂ ರಕ್ತ ತಿಂತಾರಾ?”

“ತಿಂತಾರೆ.”

“ಮೆಣಸಿನಕಾಯಿ ಹಾಕ್ತಾರಾ?”

“ಇಲ್ಲ. ಓಟ್ಸ್ ಹಾಕ್ತಾರೆ.”

ಸ್ವಲ್ಪ ಹೊತ್ತು ಸುಮ್ಮನಿದ್ದ. “ಮೆಣಸಿನಕಾಯಿ ಇಲ್ದೆ ಹೆಂಗಮ್ಮಾ ತಿಂತೀಯ? ಹಬ್ಬಕ್ಕೆ ಬಾ, ನಿಮ್ಮತ್ತಿಗೆ ಕೈಲಿ ಮಾಡಿಸ್ತೀನಿ” ಎಂದ.