ಜಿಪ್ಸಿಯ ಪಿಕಪ್ ಎಲ್ಲಿ ಹೋಯ್ತು? ಐದು ವಾರದ ಲೆಕ್ಕ

ದೊಡ್ಡ ಟೈರ್ ಹಾಕಿಸಿದ ದಿನ ಗಾಡಿ ನೋಡೋಕೆ ಎಷ್ಟು ಚಂದ ಕಂಡಿತ್ತೋ, ಓಡಿಸಿದಾಗ ಅಷ್ಟೇ ಬೇಜಾರಾಯಿತು. ಮೂರನೇ ಗೇರ್‌ಗೆ ಹಾಕಿ ಆಕ್ಸಿಲರೇಟರ್ ತುಳಿದರೆ ಸದ್ದು ಮಾತ್ರ ಏರುತ್ತಿತ್ತು, ಗಾಡಿ ಮುಂದಕ್ಕೆ ಹೋಗಲು ಮನಸ್ಸೇ ಮಾಡುತ್ತಿರಲಿಲ್ಲ. ಸ್ಟಾಪ್‌ವಾಚ್ ಹಿಡಿದು ನೋಡಿದೆ. ಹೋದ ವರ್ಷ ಹಳೆ ಟೈರ್‌ನಲ್ಲಿ ಮೀಟರ್ ಮುಳ್ಳು ಸೊನ್ನೆಯಿಂದ 80 ಮುಟ್ಟಲು 14 ಸೆಕೆಂಡ್ ಬೇಕಾಗಿತ್ತು. ಈಗ ಹತ್ತೊಂಬತ್ತೂವರೆ!

ಗಾಡಿ 1998ರ ಮಾರುತಿ ಜಿಪ್ಸಿ ಕಿಂಗ್, ಸಾಫ್ಟ್ ಟಾಪ್. 1985ರಲ್ಲಿ ಬಂದ ಮೊದಲ ಜಿಪ್ಸಿಗೆ 970 ಸಿಸಿ ಎಂಜಿನ್, ನಾಲ್ಕು ಗೇರ್ ಇತ್ತು. 1996ರಲ್ಲಿ ಬಂದ ಕಿಂಗ್‌ಗೆ 1298 ಸಿಸಿ, ಐದು ಗೇರ್. ನನ್ನದು ಕಾರ್ಬೊರೇಟರ್ (ಪೆಟ್ರೋಲ್, ಗಾಳಿ ಬೆರೆಸುವ ಭಾಗ) ಇರುವ ಗಾಡಿ. ಕಂಪನಿ ಲೆಕ್ಕದಲ್ಲಿ ಎಂಜಿನ್ ಶಕ್ತಿ 60 ಬಿಎಚ್‌ಪಿ, ತೂಕ ಹೆಚ್ಚುಕಮ್ಮಿ ಒಂದು ಟನ್. ಆಮೇಲೆ ಬಂದ 80 ಬಿಎಚ್‌ಪಿಯ ಎಂಪಿಎಫ್‌ಐ (ಕಾರ್ಬೊರೇಟರ್ ಬದಲು ಇಂಜೆಕ್ಟರ್‌ನಿಂದ ಪೆಟ್ರೋಲ್ ಚಿಮ್ಮಿಸುವ) ಗಾಡಿ ಇಟ್ಟುಕೊಂಡವರು ನನ್ನ ಸೆಕೆಂಡುಗಳನ್ನು ನೋಡಿ ನಗಬೇಡಿ.

ಮೊದಲ ವಾರ ಸುಮ್ನೆ ಎಂಜಿನ್ ಮೇಲೆ ಅನುಮಾನ ಪಟ್ಟು ಕಳೆದೆ. ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ಚೆಕ್ ಮಾಡಿಸಿದೆ. ನಾಲ್ಕೂ ಸಿಲಿಂಡರ್ ಚೆನ್ನಾಗಿವೆ. ಟ್ಯಾಪೆಟ್ (ವಾಲ್ವ್‌ಗಳ ಸಂದು) ಸೆಟ್ ಮಾಡಿಸಿದೆ, ಪ್ಲಗ್ ಬದಲಿಸಿದೆ. ಏನೂ ವ್ಯತ್ಯಾಸ ಆಗಲಿಲ್ಲ.

ಎರಡನೇ ವಾರ ಪೆನ್ನು ಕಾಗದ ಹಿಡಿದು ಕೂತೆ. ಈ ಕೆಲಸ ಮೊದಲೇ ಮಾಡಬೇಕಿತ್ತು. ಹಳೆ ಟೈರಿನ ಅಳತೆ 205/70 ಆರ್15 (ಅಗಲ 205 ಮಿ.ಮೀ., ಪಕ್ಕದ ಎತ್ತರ ಅದರ ಶೇ. 70, ರಿಮ್ 15 ಇಂಚು). ಅದರ ಎತ್ತರ 668 ಮಿ.ಮೀ. ಹೊಸದು 235/75 ಆರ್15, ಎತ್ತರ 733 ಮಿ.ಮೀ. ಅಂದರೆ ಹತ್ತಿರ ಹತ್ತಿರ ಶೇ. 10ರಷ್ಟು ದೊಡ್ಡದು. ಚಕ್ರ ಒಂದು ಸುತ್ತು ಸುತ್ತಿದರೆ ಮೊದಲು 2.1 ಮೀಟರ್ ಹೋಗುತ್ತಿದ್ದ ಗಾಡಿ ಈಗ 2.3 ಮೀಟರ್ ಹೋಗುತ್ತದೆ. ಐದೂ ಗೇರ್ ಒಂದೇ ಸಲ ಶೇ. 10ರಷ್ಟು ಉದ್ದ ಆದ ಹಾಗೆ. ಎಂಜಿನ್ ಅದೇ, ನೆಲಕ್ಕೆ ಸಿಗುವ ಎಳೆತ ಮಾತ್ರ ಕಮ್ಮಿ. ಟೈರಿನ ತೂಕವೂ ಜಾಸ್ತಿ. ಅದು ಸೀಟ್ ಮೇಲೆ ಇಟ್ಟ ಮೂಟೆಯ ಥರ ಅಲ್ಲ. ಮುಂದಕ್ಕೆ ಎಳೆಯುವುದರ ಜೊತೆಗೆ ಸುತ್ತಿಸಲೂಬೇಕು.

ಇಷ್ಟು ಬರೆದಾಗ ಇನ್ನೊಂದು ವಿಷಯ ಹೊಳೆಯಿತು. ಈ ಗಾಡಿಯ ಸ್ಪೀಡೋಮೀಟರ್ ಕೇಬಲ್ ಬರುವುದು ಟ್ರಾನ್ಸ್‌ಫರ್ ಕೇಸ್‌ನಿಂದ, ಅಂದರೆ ಗೇರ್‌ಬಾಕ್ಸ್‌ನ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆಯಿಂದ. ಶಾಫ್ಟ್ ಎಷ್ಟು ಸುತ್ತಿತು ಅಂತ ಅದಕ್ಕೆ ಗೊತ್ತು. ಟೈರ್ ಎಷ್ಟು ದೊಡ್ಡದು ಅಂತ ಹೇಗೆ ಗೊತ್ತಾಗಬೇಕು? ಮೊಬೈಲ್‌ನಲ್ಲಿ ಜಿಪಿಎಸ್ ಹಾಕಿ ಓಡಿಸಿದೆ. ಮುಳ್ಳು 80 ತೋರಿಸಿದಾಗ ಜಿಪಿಎಸ್ 84 ಹೇಳಿತು. ಲೆಕ್ಕದ ಪ್ರಕಾರ 88 ಬರಬೇಕಿತ್ತು. ಆದರೆ ಮೀಟರ್‌ಗಳು ಮೊದಲಿಂದಲೂ ಇರುವ ವೇಗಕ್ಕಿಂತ ಸ್ವಲ್ಪ ಜಾಸ್ತಿಯೇ ತೋರಿಸುತ್ತವೆ. ಹಾಗಾಗಿ ಒಂದು ತಪ್ಪು ಇನ್ನೊಂದನ್ನು ಅರ್ಧ ಮುಚ್ಚಿತ್ತು.

ಅಂದರೆ ಹೋದ ವರ್ಷ ನಾನು ಅಳೆದದ್ದು ಎಪ್ಪತ್ತಾರು ಚಿಲ್ಲರೆಯವರೆಗೆ. ಈ ವರ್ಷ ಅಳೆದದ್ದು 84ರವರೆಗೆ. ಎರಡನ್ನೂ 80 ಅಂತ ಕರೆದು ಹೋಲಿಸುತ್ತಿದ್ದೆ! ಜಿಪಿಎಸ್ ಇಟ್ಟು, ನಿಜವಾದ 80ಕ್ಕೆ ಮತ್ತೆ ಅಳೆದೆ. ವಾಹನ ಓಡಾಡದ ಸಮತಟ್ಟಾದ ದಾರಿ, ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ, ಎರಡರ ಸರಾಸರಿ. ಜಿಪ್ಸಿ ಡಬ್ಬದ ಆಕಾರದ ಗಾಡಿ, ಎದುರುಗಾಳಿ ಇದ್ದರೆ ಅರವತ್ತರ ಮೇಲೆ ಗೊತ್ತೇ ಆಗುತ್ತದೆ. 17.8 ಸೆಕೆಂಡ್ ಬಂತು. ಸ್ವಲ್ಪ ಸಮಾಧಾನ. ಆದರೂ ಜಾಸ್ತಿಯೇ ಅಲ್ವಾ?

ಮೂರನೇ ವಾರದ ಕತೆ ಹೇಳಲು ನಾಚಿಕೆ ಆಗುತ್ತದೆ. ಏರ್ ಫಿಲ್ಟರ್ ಡಬ್ಬಿ ಬಿಚ್ಚಿಟ್ಟು, ಎಂಜಿನ್ ಆಫ್ ಇರುವಾಗ, ಗೆಳೆಯನನ್ನು ಡ್ರೈವರ್ ಸೀಟಲ್ಲಿ ಕೂರಿಸಿದೆ. "ಪೂರ್ತಿ ಒತ್ತು" ಅಂದೆ. "ಒತ್ತಿದೀನಿ ಮಾರಾಯಾ, ನೆಲಕ್ಕೆ ತಾಗಿದೆ" ಅಂದ. ನಾನು ಕಾರ್ಬೊರೇಟರ್ ಪಕ್ಕ ಕೇಬಲ್ ಎಳೆಯುವ ಲಿವರ್ ಮೇಲೆ ಬೆರಳಿಟ್ಟು ತಳ್ಳಿದೆ. ಲಿವರ್ ಇನ್ನೂ ಅರ್ಧ ಬೆರಳಿನಷ್ಟು ಮುಂದಕ್ಕೆ ಹೋಯಿತು. ಅಂದರೆ ಇಷ್ಟು ದಿನ ನಾನು ಪೂರ್ತಿ ತುಳಿದೆ ಅಂದುಕೊಂಡಾಗಲೆಲ್ಲ ಥ್ರಾಟಲ್ (ಎಂಜಿನ್‌ಗೆ ಗಾಳಿ ಬಿಡುವ ಬಾಗಿಲು) ಮುಕ್ಕಾಲು ಭಾಗ ಮಾತ್ರ ತೆರೆಯುತ್ತಿತ್ತು. ಕೇಬಲ್ ಸಡಿಲ ಆಗಿತ್ತು, ಅದು ಒಂದು ಕಾರಣ. ಇನ್ನೊಂದು ಪೆಡಲ್ ಕೆಳಗಿತ್ತು. ಟೈರ್ ಜೊತೆಗೇ ತಂದಿದ್ದ ದಪ್ಪ ರಬ್ಬರ್ ಮ್ಯಾಟ್. ಹಳೆ ಮ್ಯಾಟ್ ತೆಗೆಯದೆ ಅದರ ಮೇಲೇ ಹಾಸಿದ್ದೆ. ಪೆಡಲ್ ತಾಗುತ್ತಿದ್ದುದು ಮ್ಯಾಟ್‌ಗೆ, ನೆಲಕ್ಕಲ್ಲ.

ಎರಡೂ ಮ್ಯಾಟ್ ಹೊರಗೆ ಬಿತ್ತು. ಕೇಬಲ್ ನಟ್ ತಿರುಗಿಸಿ ಬಿಗಿ ಮಾಡಿದೆ. ಪೆಡಲ್ ಬಿಟ್ಟಾಗ ಐಡ್ಲಿಂಗ್ ಏರಬಾರದು, ಹಾಗಾಗಿ ಒಂಚೂರು ಸಡಿಲ ಉಳಿಸಿದೆ. ಮತ್ತೆ ಓಡಿಸಿದರೆ 15.6. ಒಂದು ಪೈಸೆ ಖರ್ಚಿಲ್ಲದೆ ಎರಡು ಸೆಕೆಂಡ್ ವಾಪಸ್.

ನಾಲ್ಕನೇ ವಾರ ಬ್ರೇಕ್. ಸುಮಾರು ದೂರ ಬ್ರೇಕ್ ಮುಟ್ಟದೆ ಓಡಿಸಿ, ನಿಲ್ಲಿಸಿ, ಹಿಂದಿನ ಡ್ರಮ್‌ಗಳ ಹತ್ತಿರ ಕೈ ಒಡ್ಡಿ ನೋಡಿದೆ. ಬಲಗಡೆ ಬೆಚ್ಚಗೆ, ಎಡಗಡೆ ಕೈ ಇಡೋಕೆ ಆಗದಷ್ಟು ಬಿಸಿ. ಜ್ಯಾಕ್ ಹಾಕಿ ಕೈಯಲ್ಲಿ ತಿರುಗಿಸಿದರೆ ಚಕ್ರ ಒಂದು ಸುತ್ತೂ ಹೋಗಲಿಲ್ಲ. ಬ್ರೇಕ್ ಶೂಗಳನ್ನು ಒತ್ತುವ ವೀಲ್ ಸಿಲಿಂಡರ್ ಅಂಟಿಕೊಂಡಿತ್ತು. ಬದಲಿಸಿದ ಮೇಲೆ 15.1.

ಅದೇ ವಾರ ಪ್ಲಗ್‌ಗಳಿಗೆ ಸ್ಪಾರ್ಕ್ ಹಂಚುವ ಡಿಸ್ಟ್ರಿಬ್ಯೂಟರ್‌ನ ವ್ಯಾಕ್ಯೂಮ್ ಪೈಪ್ ಬಿಚ್ಚಿ ಬಾಯಿಂದ ಗಾಳಿ ಎಳೆದು ನೋಡಿದೆ. ಪೈಪ್ ತುದಿ ನಾಲಿಗೆಗೆ ಅಂಟಿ ನಿಲ್ಲಬೇಕಿತ್ತು, ಆದರೆ ಗಾಳಿ ಸರಾಗ ಬಂತು. ಒಳಗಿನ ಡಯಾಫ್ರಾಮ್ (ತೆಳು ಪೊರೆ) ಹರಿದಿತ್ತು. ಹೊಸದು ಹಾಕಿಸಿ ಖುಷಿಯಿಂದ ಅಳೆದರೆ ಮತ್ತೆ ಅದೇ 15.1! ಆಮೇಲೆ ತಲೆಗೆ ಹೋಯಿತು. ಪೂರ್ತಿ ತುಳಿದಾಗ ಇನ್‌ಟೇಕ್‌ನಲ್ಲಿ ವ್ಯಾಕ್ಯೂಮ್ ಇರುವುದೇ ಇಲ್ಲ ಅನ್ನಬಹುದು. ಆಗ ಸ್ಪಾರ್ಕ್ ಒಂಚೂರು ಬೇಗ ಬರುವಂತೆ ಮಾಡುವುದು ಡಿಸ್ಟ್ರಿಬ್ಯೂಟರ್ ಒಳಗಿನ ತೂಕದ ಗುಂಡುಗಳು. ವ್ಯಾಕ್ಯೂಮ್ ಕೆಲಸ ಮಾಡುವುದು ಅರ್ಧಂಬರ್ಧ ತುಳಿದು ಹೋಗುವಾಗ. ಅಲ್ಲಿ ಮಾತ್ರ ವ್ಯತ್ಯಾಸ ಚೆನ್ನಾಗಿ ಕಾಣುತ್ತಿದೆ. ನಾಲ್ಕನೇ ಗೇರ್‌ನಲ್ಲಿ 45ರಲ್ಲಿ ಹೋಗುತ್ತಾ ಮೆಲ್ಲಗೆ ಒತ್ತಿದರೆ ಮೊದಲಿನ ಹಾಗೆ ತಡವರಿಸುವುದಿಲ್ಲ. ದಿನಾ ಓಡಿಸುವವರಿಗೆ ಸ್ಟಾಪ್‌ವಾಚ್‌ಗಿಂತ ಇದೇ ಮುಖ್ಯ ಅನ್ನಿಸಿತು.

ಈ ವಾರ ಹಳೆ ಟೈರ್‌ಗಳನ್ನೇ ಮತ್ತೆ ಹಾಕಿ ಒಂದು ಸಲ ಅಳೆದೆ. 13.7. ಹಾಗಾದರೆ ದೊಡ್ಡ ಟೈರ್ ನಿಜವಾಗಿ ತಿನ್ನುತ್ತಿರುವುದು 1.4 ಸೆಕೆಂಡ್. ಉಳಿದದ್ದೆಲ್ಲ ನನ್ನ ಮ್ಯಾಟು, ಕೇಬಲ್ಲು, ಬ್ರೇಕು, ಮೀಟರ್ ಕೆಲಸ. ಕಲ್ಲಿನ ದಾರಿಯಲ್ಲಿ ಡಿಫರೆನ್ಷಿಯಲ್ (ಆಕ್ಸಲ್ ಮೇಲಿನ ಗೇರ್ ಗುಂಡು) ಕೆಳಗೆ ಸಿಗುವ ಮೂರು ಸೆಂಟಿಮೀಟರ್ ಜಾಗಕ್ಕೆ ಅಷ್ಟು ಕೊಡಬಹುದು ಅಂತ ದೊಡ್ಡ ಟೈರ್ ವಾಪಸ್ ಹಾಕಿದ್ದೇನೆ.

ಮುಂದಿನ ಕೆಲಸ ಟ್ರಾನ್ಸ್‌ಫರ್ ಕೇಸ್. ನನ್ನ ಗಾಡಿಯದರ ಗೇರ್ ಅನುಪಾತ ಹೈ ರೇಂಜ್‌ನಲ್ಲಿ (ಮಾಮೂಲಿ ಓಡಾಟಕ್ಕೆ) 1.409. ಸಂಖ್ಯೆ ದೊಡ್ಡದಾದಷ್ಟೂ ಎಳೆತ ಜಾಸ್ತಿ. ಹಳೆ ಸುಜುಕಿ ಎಸ್‌ಜೆ410ರದ್ದು 1.588. ಆ ಗೇರ್‌ಗಳು ಬಂದರೆ ಟೈರ್ ಕಸಿದುಕೊಂಡ ಶೇ. 10 ವಾಪಸ್ ಬಂದು ಮೇಲೆ ಇನ್ನೂ ಚೂರು ಸಿಗುತ್ತದೆ. ಕಷ್ಟದ ದಾರಿಗೆ ಇರುವ ಲೋ ರೇಂಜ್‌ನ ಅನುಪಾತವೂ ಏರುತ್ತದೆ, ಇಳಿಜಾರಿನಲ್ಲಿ ಅದು ಬೇಕು. ಹಳೆಯದೊಂದು ಸಿಕ್ಕಿದೆ, ಇನ್ನೂ ಬಿಚ್ಚಿಲ್ಲ, ಹಲ್ಲು ಹೇಗಿದೆಯೋ ನೋಡಬೇಕು. ಮೀಟರ್ ಮಾತ್ರ ಆಗಲೂ ಸರಿ ಹೋಗುವುದಿಲ್ಲ. ಅದರ ಕೇಬಲ್ ಇರುವುದು ಈ ಗೇರ್‌ಗಳ ಆಚೆಗಿನ ಶಾಫ್ಟ್‌ನಲ್ಲಿ. ಸದ್ಯಕ್ಕೆ ಡ್ಯಾಶ್‌ಬೋರ್ಡ್ ಮೇಲೆ ಚೀಟಿ ಅಂಟಿಸಿದ್ದೇನೆ: 60 ಅಂದರೆ 63, 80 ಅಂದರೆ 84.