ಮನೇಲೂ ಮೀನು, ಹೋಟೆಲಿನಲ್ಲೂ ಮೀನೇ ಯಾಕೆ?

ಬೆಂಗಳೂರಿನ ಗೆಳತಿಯರು, ಘಟ್ಟದ ಮೇಲಿನ ನೆಂಟರು, ಈಗೀಗ ಮಗಳ ಸಹಪಾಠಿಗಳ ಅಮ್ಮಂದಿರೂ ಕೇಳುವ ಪ್ರಶ್ನೆ ಇದು. ಸೋಮವಾರ, ಶನಿವಾರ ಬಿಟ್ಟರೆ ಉಳಿದ ದಿನವೆಲ್ಲ ನಿಮ್ಮ ಮನೆಯಲ್ಲಿ ಮೀನು. ಮನೆಮಂದಿಯೆಲ್ಲ ರಾತ್ರಿ ಹೊರಗೆ ಊಟಕ್ಕೆ ಹೊರಟರೆ ಮತ್ತೆ ಮೀನಿನ ಹೋಟೆಲಿಗೇ ಹೋಗುತ್ತೀರಿ. ಬೇಜಾರು ಬರುವುದಿಲ್ಲವಾ?

ಬರುವುದಿಲ್ಲ. ಸಾರು ಮನೆಯದು, ಕಾಯಿಸಿದ ಮೀನು, ಅಂದರೆ ಕಾವಲಿಯಲ್ಲಿ ಹುರಿದದ್ದು, ಹೋಟೆಲಿನದು. ಮಂಗಳೂರಿನಲ್ಲಿ ಇಷ್ಟು ವರ್ಷ ಅಡುಗೆ ಮಾಡಿ, ಇಷ್ಟು ವರ್ಷ ಹೊರಗೆ ಉಂಡು ನಾನು ಗಟ್ಟಿಯಾಗಿ ಹಿಡಿದುಕೊಂಡ ಮಾತು ಇದು.

ಮೊದಲು ಸಾರಿನ ಸಂಗತಿ. ಬೂತಾಯಿ ಮೀನಿನ ಪುಳಿಮುಂಚಿಗೆ, ಅಂದರೆ ಹುಳಿಖಾರದ ಸಾರಿಗೆ, ತೆಂಗಿನಕಾಯಿ ಬೇಡ. ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಮೆಂತ್ಯ, ಚಿಟಿಕೆ ಓಮ, ಬೆಳ್ಳುಳ್ಳಿ, ಕೈತುಂಬ ಹುಣಸೆಹುಳಿ. ಕಾಯಿ ಇಲ್ಲದ್ದರಿಂದ ಅದು ಬೇಗ ಹಳಸುವುದಿಲ್ಲ. ರಾತ್ರಿ ಮಣ್ಣಿನ ಮಡಕೆಯಲ್ಲಿ ಕುದಿಸಿಟ್ಟರೆ ಬೆಳಗಾಗುವಷ್ಟರಲ್ಲಿ ಹುಳಿ, ಖಾರ ಮೀನಿನ ಒಳಗಿಳಿದಿರುತ್ತದೆ, ಬೂತಾಯಿಯ ಎಣ್ಣೆ ಮೇಲೆ ತೇಲಿರುತ್ತದೆ. ಅದನ್ನು ಇನ್ನೊಮ್ಮೆ ಬಿಸಿ ಮಾಡಿ ನೀರ್ ದೋಸೆಯ ಜೊತೆ ತಿನ್ನಬೇಕು. ಈ ರುಚಿಯನ್ನು ಯಾವ ಹೋಟೆಲೂ ಕೊಡಲಾರದು, ಯಾಕೆಂದರೆ ಹೋಟೆಲಿಗೆ ನಾಳೆ ಬೆಳಗ್ಗೆವರೆಗೆ ಕಾಯುವ ವ್ಯವಧಾನ ಇಲ್ಲ. ಇವತ್ತಿನದು ಇವತ್ತೇ ಖಾಲಿಯಾಗಬೇಕು. ಹಾಗಾಗಿ ನಾನು ಹೊರಗೆ ಪುಳಿಮುಂಚಿ ಹೇಳುವುದೇ ಇಲ್ಲ.

ಕಾಯಿಸುವ ವಿಷಯಕ್ಕೆ ಬಂದರೆ ಲೆಕ್ಕ ಪೂರ್ತಿ ತಿರುಗುತ್ತದೆ. ಮನೆಯ ಕಾವಲಿ ತೆಳ್ಳಗೆ, ಗ್ಯಾಸಿನ ಉರಿ ಸಣ್ಣದು. ಮಸಾಲೆ ಮೆತ್ತಿದ ನಾಲ್ಕು ಅಂಜಲ್ ಮೀನಿನ ತುಂಡು ಇಟ್ಟ ಕೂಡಲೇ ಕಾವಲಿಯ ಬಿಸಿ ಇಳಿದುಬಿಡುತ್ತದೆ. ಮೀನಿನ ನೀರು ಆವಿಯಾಗಿ ಹೋಗುವ ಬದಲು ಅಲ್ಲೇ ನಿಲ್ಲುತ್ತದೆ, ಮೀನು ಕಾಯುವ ಬದಲು ಬೇಯುತ್ತದೆ, ತಿರುವಿ ಹಾಕಿದರೆ ಮಸಾಲೆ ಕಾವಲಿಗೇ ಅಂಟಿರುತ್ತದೆ. ಹೋಟೆಲಿನ ಕಾವಲಿ ದಪ್ಪ ಕಬ್ಬಿಣದ ಹಲಗೆ. ಬೆಳಗ್ಗೆಯಿಂದ ಕಾದೇ ಇರುತ್ತದೆ, ಹತ್ತು ಬಂಗುಡೆ ಮೀನು ಒಟ್ಟಿಗೆ ಬಿದ್ದರೂ ಅದರ ಬಿಸಿ ಅಲ್ಲಾಡುವುದಿಲ್ಲ. ಕೆಂಪು ಮಸಾಲೆ ಮೀನಿನ ಮೈಮೇಲೆಯೇ ಹುರಿದು, ಅಂಚಿನಲ್ಲಿ ಕಪ್ಪಾಗಿ, ಒಳಗಿನ ಮಾಂಸ ಒದ್ದೆಯಾಗಿಯೇ ಉಳಿಯುತ್ತದೆ. ಅದಕ್ಕೇ ತವಾ ಫ್ರೈ ತಿನ್ನಲು ಹೊರಗೆ ಹೋಗುವುದರಲ್ಲಿ ಅರ್ಥ ಉಂಟು.

ಆದರೆ ನನ್ನ ಮಟ್ಟಿಗೆ ದೊಡ್ಡ ಕಾರಣ ಕಾವಲಿ ಅಲ್ಲ. ಕಾಯಿಸಿದ ಮೀನಿಗೆ ಆಯುಸ್ಸು ಕಡಿಮೆ. ಐದು ನಿಮಿಷ ದಾಟಿದರೆ ಮೇಲೆ ಹಚ್ಚಿದ ರವೆ ಮೆತ್ತಗಾಗುತ್ತದೆ, ಮಸಾಲೆ ಒದ್ದೆಯಾಗುತ್ತದೆ. ಅದು ಕಾವಲಿಯಿಂದ ನೇರ ಬಟ್ಟಲಿಗೆ ಬೀಳಬೇಕು. ಮನೆಯಲ್ಲಿ ಹಾಗೆ ಎಲ್ಲರ ಬಟ್ಟಲಿಗೂ ಬೀಳುತ್ತದೆ, ಒಬ್ಬರದ್ದು ಬಿಟ್ಟು. ನಮ್ಮ ಅತ್ತೆ ಮದುವೆಯಾಗಿ ಬಂದ ದಿನದಿಂದ ಒಲೆಯ ಮುಂದೆ ನಿಂತು ಮಾವನಿಗೆ, ಮಕ್ಕಳಿಗೆ, ಆಮೇಲೆ ಮೊಮ್ಮಕ್ಕಳಿಗೆ ಬಿಸಿ ಬಿಸಿ ಕಾಯಿಸಿ ಬಡಿಸಿದವರು. ಅವರು ಕೂತು ಉಣ್ಣುವಾಗ ಉಳಿದಿರುವುದು ತಣ್ಣಗಾದ ಬಾಲದ ತುಂಡು. ಯಾರೂ ಅವರಿಗೆ ಹಾಗೆ ಮಾಡಿ ಎಂದು ಹೇಳಿದ್ದಲ್ಲ. ಮನೆಯ ಅಡುಗೆಯ ಕ್ರಮವೇ ಹಾಗೆ ಕಟ್ಟಿಕೊಂಡಿದೆ. ಈಗ ಒಲೆಯ ಮುಂದೆ ನಾನಿದ್ದೇನೆ, ಕ್ರಮ ಹಾಗೇ ಉಂಟು.

ಹೋಟೆಲಿನಲ್ಲಿ ಮೊದಲ ಪ್ಲೇಟ್ ಅತ್ತೆಯ ಮುಂದೆ ಇಡುತ್ತೇವೆ. ಇದು ನಮ್ಮ ಮನೆಯ ನಿಯಮ, ಮಕ್ಕಳಿಗೂ ಗೊತ್ತು. ಅವರು ಹೇಳುವುದು ಯಾವಾಗಲೂ ಕಾಣೆ ಮೀನಿನ ರವಾ ಫ್ರೈ. ಬೆರಳು ಸುಡುವಷ್ಟು ಬಿಸಿ ಇರುವಾಗಲೇ ಬೆನ್ನಿನ ಕಡೆಯಿಂದ ಬಿಡಿಸುತ್ತಾರೆ, ಮಧ್ಯದ ಮುಳ್ಳು ಇಡಿಯಾಗಿ ಎದ್ದು ಬರುತ್ತದೆ, ಎರಡು ಬದಿಯ ಬಿಳಿ ಮಾಂಸ ಬಟ್ಟಲಲ್ಲಿ ಉಳಿಯುತ್ತದೆ. ಅವರು ಆ ಹೊತ್ತಿನಲ್ಲಿ ಮಾತಾಡುವುದಿಲ್ಲ. ನಾವೂ ಮಾತಾಡಿಸುವುದಿಲ್ಲ. ಮನೆಯಲ್ಲಿ ನಾನು ಎಷ್ಟು ಚೆನ್ನಾಗಿ ಕಾಯಿಸಿದರೂ, "ನೀನು ಬಾ, ಒಟ್ಟಿಗೆ ಕೂರುವ" ಎಂದು ಅವರು ಕಾಯುತ್ತಾ ತಣ್ಣಗೆ ಮಾಡಿಬಿಡುತ್ತಾರೆ. ಇಲ್ಲಿ ನಾನೂ ಪಕ್ಕದಲ್ಲೇ ಕೂತಿರುತ್ತೇನಲ್ಲ.

ಇಷ್ಟು ಹೇಳಿದ ಮೇಲೆ ಮುಂದಿನ ಪ್ರಶ್ನೆ ಬಂದೇ ಬರುತ್ತದೆ: ಹಾಗಾದರೆ ಯಾವ ಹೋಟೆಲ್? ನಾರಾಯಣ, ಗಿರಿಮಂಜಾಸ್, ಮಚಲಿ ಎಂದು ಹೆಸರುಗಳನ್ನು ಎಲ್ಲರೂ ಹೇಳುತ್ತಾರೆ, ಅವು ಆ ಹೆಸರಿಗೆ ಯೋಗ್ಯವೇ. ಆದರೆ ಹೆಸರಿಗಿಂತ ಮುಖ್ಯ, ಕೂತ ಕೂಡಲೇ "ಇವತ್ತು ಎಂತ ಮೀನು ಬಂದಿದೆ?" ಎಂದು ಕೇಳುವುದು. ಒಳ್ಳೆಯ ಕಡೆ ಮಸಾಲೆ ಮೆತ್ತಿದ ಮೀನನ್ನು ತಟ್ಟೆಯಲ್ಲಿಟ್ಟು ಮೇಜಿಗೇ ತಂದು ತೋರಿಸುತ್ತಾರೆ. ಅಂಜಲ್, ಮಾಂಜಿ ಮೀನಿಗೆ, ದೊಡ್ಡ ಸಿಗಡಿಗೆ ಬೆಲೆ ಗಾತ್ರದ ಮೇಲೆ, ಹಲವು ಕಡೆ ಮೆನುವಿನಲ್ಲಿ ಅಂಕಿ ಇರುವುದಿಲ್ಲ. ಬೆರಳು ತೋರಿಸಿ ಇದಕ್ಕೆಷ್ಟು ಎಂದು ಮೊದಲೇ ಕೇಳಿ. ಇಲ್ಲಿಯವರೆಲ್ಲ ಕೇಳುತ್ತಾರೆ, ಅದರಲ್ಲಿ ಸಂಕೋಚ ಬೇಡ.

ಮೀನಿಗೆ ಹೊಸಬರಾದ ಮಕ್ಕಳಿಗೆ ಕಾಣೆ ಅಥವಾ ನಂಗ್ ಮೀನು ಹೇಳಿ. ಬಂಗುಡೆ ಕಲಿಯುವ ವಯಸ್ಸಿನವರಿಗೆ ಬಂಗುಡೆಯನ್ನೇ ಕೊಡಿ, ಮುಳ್ಳು ಬಿಡಿಸಿ ಕೊಡಬೇಡಿ, ಪಕ್ಕದಲ್ಲಿ ಕೂತು ತೋರಿಸಿ. ಮರುವಾಯಿ ಸುಕ್ಕ, ಅಂದರೆ ಚಿಪ್ಪುಮೀನಿನ ಒಣ ಪಲ್ಯ, ಸಿಕ್ಕರೆ ಬಿಡಬೇಡಿ. ಚಿಪ್ಪು ತೊಳೆದು, ಮರಳು ಹೋಗುವಂತೆ ನೀರಲ್ಲಿಟ್ಟು, ಒಂದೊಂದೇ ಬಾಯಿ ಬಿಡಿಸುವ ಕೆಲಸ ಎಷ್ಟೆಂದು ಮನೆಯಲ್ಲಿ ಮಾಡಿದವರಿಗೆ ಗೊತ್ತು. ಸಿಗಡಿ ಘೀ ರೋಸ್ಟ್ ಬಗ್ಗೆ ನನ್ನ ಅಭಿಪ್ರಾಯ ಬೇರೆ. ಕುಂದಾಪುರದಲ್ಲಿ ಕೋಳಿಗೆಂದು ಹುಟ್ಟಿದ ಮಸಾಲೆ ಅದು, ಕೋಳಿಗೇ ಸರಿ. ತಾಜಾ ಸಿಗಡಿಯ ಸಿಹಿಯನ್ನು ತುಪ್ಪ ಮುಚ್ಚಿಹಾಕುತ್ತದೆ. ನನ್ನ ಮಗಳು ಇದನ್ನು ಒಪ್ಪುವುದಿಲ್ಲ, ಪ್ರತಿ ಸಲ ಅದನ್ನೇ ಹೇಳುತ್ತಾಳೆ. ಊಟದ ಜೊತೆ ಕುಚ್ಚಲಕ್ಕಿ ಅನ್ನವನ್ನೇ ಕೇಳಿ. ಹೋಟೆಲಿನ ತೆಳು ಮೀನು ಸಾರನ್ನು ಹೀರಿಕೊಳ್ಳುವ ಶಕ್ತಿ ಇರುವುದು ಆ ದಪ್ಪ ಅಗುಳಿಗೆ.

ಇನ್ನು ಯಾವ ತಿಂಗಳಲ್ಲಿ ಬರಬೇಕು ಎಂಬ ಮಾತು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಅನೇಕ ಮೀನುಗಳು ಮೊಟ್ಟೆಯಿಡುವ ಕಾಲ, ಕಡಲೂ ಒರಟು. ಮಂಗಳೂರಿನ ಮೀನುಗಾರಿಕಾ ಬಂದರಾದ ದಕ್ಕೆಯಲ್ಲಿ, ಉಡುಪಿಯ ಮಲ್ಪೆ ಬಂದರಿನಲ್ಲಿ ಬೋಟುಗಳು ಸಾಲಾಗಿ ಲಂಗರು ಹಾಕಿರುತ್ತವೆ. ಆಗ ಸಿಗುವುದು ನಾಡದೋಣಿಯವರು ತಂದ ಸ್ವಲ್ಪ ಮೀನು, ಹೊಳೆ ಮೀನು, ಉಳಿದದ್ದು ಬಹುಪಾಲು ಐಸಿನಲ್ಲಿ ದೂರದಿಂದ ಬಂದದ್ದು. ಪೂರ್ವ ಕರಾವಳಿಯ ನಿಷೇಧ ಜೂನ್ 14ಕ್ಕೇ ಮುಗಿಯುವುದರಿಂದ ಆ ಕಡೆಯ ಮೀನು ಇಲ್ಲಿಗೆ ಬರುತ್ತದೆ. ಅದು ಕೆಟ್ಟದ್ದೇನಲ್ಲ, ಆದರೆ ಅದಕ್ಕಾಗಿ ಬೆಂಗಳೂರಿನಿಂದ ಘಟ್ಟ ಇಳಿದು ಬರಬೇಕಾಗಿಲ್ಲ. ನಾವು ಆ ಎರಡು ತಿಂಗಳು ಹೋಟೆಲಿಗೆ ಹೋಗುವುದು ಕಡಿಮೆ. ಮನೆಯಲ್ಲಿ ಒಣ ಸಿಗಡಿ ಚಟ್ನಿ, ಗಂಜಿ.

ಮಕ್ಕಳನ್ನು ಕರೆದುಕೊಂಡು ಬರುವುದಾದರೆ ಬೇಸಿಗೆ ರಜೆಯಲ್ಲಿ, ಮೇ ಮುಗಿಯುವುದರೊಳಗೆ ಬನ್ನಿ. ತಪ್ಪಿದರೆ ಆಗಸ್ಟ್ 15ರ ರಜೆಗೆ. ಆಗಸ್ಟ್ ಮೊದಲ ದಿನಗಳಲ್ಲೇ ಆತುರ ಮಾಡಬೇಡಿ, ದೂರ ಹೋಗುವ ಬೋಟುಗಳು ವಾರ, ಹತ್ತು ದಿನ ಕಡಲಲ್ಲೇ ಇದ್ದು ತಿರುಗಿ ಬರಬೇಕು. ಬೂತಾಯಿ, ಬಂಗುಡೆ ಕೊಬ್ಬಿ ಬರುವುದು ಮಳೆ ಹಿಂದೆ ಸರಿದ ಮೇಲೆ, ದಸರಾ ರಜೆಯ ಹೊತ್ತಿಗೆ. ಭಾನುವಾರ ರಾತ್ರಿ ಎಂಟರ ನಂತರ ಆರು ಜನಕ್ಕೆ ಒಂದೇ ಮೇಜು ಸಿಗುವುದು ಕಷ್ಟ. ಏಳಕ್ಕೇ ಹೋಗಿ ಕೂತುಬಿಡಿ, ಮನೆಯಲ್ಲಿ ಮೀನು ಕಾಯಿಸುವವರು ಯಾರೋ ಅವರನ್ನು ಅಡುಗೆಮನೆಯ ಬಾಗಿಲಿಗೆ ಹತ್ತಿರದ ಕುರ್ಚಿಯಲ್ಲಿ ಕೂರಿಸಿ. ಪ್ಲೇಟ್ ಅಲ್ಲಿಗೆ ಮೊದಲು ತಲುಪುತ್ತದೆ.