ಫೋನಿನಲ್ಲಿ ಯಾರ್ಯಾರ ಪಾಲು

ಜುಲೈ ಕೊನೆಯ ಭಾನುವಾರ. ಮಲ್ಪೆ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ಮೈ ತಾಗಿಸಿ ನಿಂತಿದ್ದವು. ಮಳೆಗಾಲದ ಮೀನುಗಾರಿಕೆ ನಿಷೇಧ; ಜೂನ್ 1ರಿಂದ 61 ದಿನ ಅವು ಕಡಲಿಗಿಳಿಯುವಂತಿಲ್ಲ. ಭಾವ ಕ್ಯಾಬಿನ್ನಿನಲ್ಲಿ ಕೂತು ವಯರ್‌ಲೆಸ್ ಸೆಟ್ಟಿನ ಹಸಿರುಗಟ್ಟಿದ ಪಿನ್ನನ್ನು ಹಳೇ ಟೂತ್‌ಬ್ರಷ್ಷಿನಿಂದ ತಿಕ್ಕುತ್ತಿದ್ದರು. ಉಪ್ಪು ಗಾಳಿಗೆ ಹಿತ್ತಾಳೆ ಉಳಿಯುವುದುಂಟಾ?

ನಾನು ಹೊಸ ಫೋನ್ ತೋರಿಸಿದೆ. ಸುಮ್ನೆ, ಸ್ವಲ್ಪ ಜಂಬಕ್ಕೆ.

“28 ಸಾವಿರವಾ? ಅಂಥದ್ದು ಎಂತ ಉಂಟು ಮಾರಾಯ ಇದರಲ್ಲಿ?”

ಹಿಂದಿನ ವಾರವಷ್ಟೇ ಪೇಟೆಂಟ್ ರಾಯಲ್ಟಿ ಬಗ್ಗೆ ಓದಿದ್ದೆ. ಹೇಳದೆ ಇರಲಾಗಲಿಲ್ಲ. ಫೋನ್ ಟವರಿನ ಜೊತೆ ಮಾತಾಡುವ ರೀತಿಗೂ ಮಾಲೀಕರಿದ್ದಾರೆ ಭಾವ, ಎಂದೆ. ಫೋನ್ ತಯಾರಿಸುವವರು ಅವರಿಗೆಲ್ಲ ದುಡ್ಡು ಕೊಡಬೇಕು. 5ಜಿ ಫೋನಿಗೆ ನೋಕಿಯಾ ಹೇಳಿದ ದರ ಹೆಚ್ಚೆಂದರೆ 3 ಯೂರೋ. ಎರಿಕ್ಸನ್ ಕಂಪನಿಯದು 5 ಡಾಲರ್, ಅಗ್ಗದ ಫೋನಾದರೆ ಎರಡೂವರೆವರೆಗೂ ಇಳಿಯುತ್ತದೆ. ಫೋನಿನ ಚಿಪ್ಪು ಮಾಡುವ ಕ್ವಾಲ್‌ಕಾಮ್ ಕಂಪನಿಯ ಲೆಕ್ಕವೇ ಬೇರೆ. ಫೋನಿನ ಬೆಲೆಯ ಮೇಲೆ ಶೇಕಡಾ 3.25.

“ಪಾಲು ಅಂತ ಹೇಳು.”

ನಾನು ಕಾಲು ಗಂಟೆ ಕೊರೆದದ್ದು ಅವರಿಗೆ ಒಂದೇ ಮಾತಿನಲ್ಲಿ ಸಿಕ್ಕಿತ್ತು. ಮೀನು ಮಾರಿದ ದುಡ್ಡಿನಲ್ಲಿ ಡೀಸೆಲ್, ಐಸ್ ಖರ್ಚು ಕಳೆದು ಬೋಟು ನಡೆಸುವ ತಾಂಡೇಲನಿಗಿಷ್ಟು, ಬೋಟಿನಲ್ಲಿ ದುಡಿಯುವ ಕಲಾಸಿಗಳಿಗಿಷ್ಟು ಎಂದು ಹಂಚಿ ಹಂಚಿ ಪಳಗಿದ ಕೈ.

ಬ್ರಷ್ ಕೆಳಗಿಟ್ಟರು. “ಒಳ್ಳೆ ಕ್ಯಾಮೆರಾ ಹಾಕಿದ್ರೆ ಫೋನಿನ ರೇಟು ಜಾಸ್ತಿ ಆಗ್ತದೆ. ಕ್ಯಾಮೆರಾ ಅವರದ್ದಲ್ಲ ಅಲ್ವಾ? ಅದರಲ್ಲೂ ಅವರಿಗೆ ಪಾಲಾ?”

ನಾನು ತಡವರಿಸಿದೆ. ದೊಡ್ಡ ದೊಡ್ಡ ಕೋರ್ಟುಗಳಲ್ಲಿ ವರ್ಷಗಟ್ಟಲೆ ವಾದ ನಡೆದದ್ದು ಇದಕ್ಕೇ. ಲೆಕ್ಕ ಇಡೀ ಫೋನಿನ ಮೇಲೋ, ಒಳಗಿನ ಚಿಪ್ಪಿನ ಮೇಲೋ? 400 ಡಾಲರ್ ದಾಟಿದ ಬೆಲೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು 2018ರಲ್ಲಿ ಕ್ವಾಲ್‌ಕಾಮ್ ಮಿತಿ ಹಾಕಿಕೊಂಡಿತು. ಅಂದರೆ ಒಂದು ಫೋನಿಗೆ ಹೆಚ್ಚೆಂದರೆ 13 ಡಾಲರ್. ಆದರೂ ಭಾವನ ತಕರಾರು ಸರಿ ಎಂದೇ ನನಗನಿಸಿತು. ಹಾಗಂತ ಸಂಶೋಧನೆಗೆ ದುಡ್ಡು ಸುರಿದವರು ಬರಿಗೈಲಿ ಹೋಗಬೇಕಾ? ಅದೂ ಅಲ್ಲ.

ರೇಡಿಯೋ ಅಲೆಗಳ ಮೇಲೆ ಕೆಲಸ ಮಾಡಿದ ವಿಜ್ಞಾನಿ ಜಗದೀಶ ಚಂದ್ರ ಬೋಸರ ಕತೆಯನ್ನೂ ಹೇಳಿದೆ. 1904ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿದರೂ ಅದರಿಂದ ದುಡ್ಡು ಮಾಡಲು ಅವರಿಗೆ ಮನಸ್ಸಿರಲಿಲ್ಲ.

“ಅಂಥವರಿಗೆ ಬೋಟು ನಡೆಸ್ಲಿಕ್ಕೆ ಆಗ್ಲಿಕ್ಕಿಲ್ಲ” ಎಂದು ನಕ್ಕರು.

ಮುಂದೆ ಟವರೇ ಬೇಡ, ಉಪಗ್ರಹದಿಂದ ನೇರ ಫೋನಿಗೆ ಸಿಗ್ನಲ್ ಬರುತ್ತದೆ ಎಂದಾಗ ಮಾತ್ರ ಕಣ್ಣರಳಿತು. ದಡ ಬಿಟ್ಟು ದೂರ ಹೋದರೆ ಅವರ ಫೋನ್ ಬರೀ ಟಾರ್ಚು.

“ಅದಕ್ಕೂ ಪಾಲು ಉಂಟಾ?”

“ಉಂಟು.”

ಪಿನ್ ಸಿಕ್ಕಿಸಿ ವಯರ್‌ಲೆಸ್ ಆನ್ ಮಾಡಿದರು. ಬಟನ್ ಒತ್ತಿ ತುಳುವಿನಲ್ಲಿ ಎರಡು ಸಲ ಕರೆದರು. ಬರೀ ಗೊರಗೊರ. ಉತ್ತರ ಕೊಡಬೇಕಾದವರೆಲ್ಲ ಮನೆಯಲ್ಲಿ ಊಟಕ್ಕೆ ಕೂತಿದ್ದರು.